ವೆಂಕಟರಮಣಪ್ಪನವರ ಕೈಗುಣ

"ಬೆರಳು ಒರೆಸ್ಕೊಂಡು ಇನ್ನೊಂದ್ಸಲ ಒತ್ತಿ," ಎಂದಳು ಬೆಂಗಳೂರಿನಿಂದ ಬಂದಿದ್ದ ಸಪೋರ್ಟ್ ಎಂಜಿನಿಯರ್ ಬಿಂದುಶ್ರೀ.

ಮ್ಯಾನೇಜರ್ ಕೆಂಪರಾಜು ಹೆಬ್ಬೆರಳನ್ನು ಪ್ಯಾಂಟಿಗೆ ಉಜ್ಜಿ ಡಬ್ಬಿಯ ಬೆರಳಚ್ಚಿನ ಗಾಜಿನ ಮೇಲೆ ಒತ್ತಿದ. ಪರದೆ ಬೆಳಗಿತು. ನೀಲಿ ಬಣ್ಣ, ಮೂಲೆಯಲ್ಲಿ ಅವನ ಹೆಸರು. ಅಷ್ಟೇ. ಲೇಬಲ್ ಅಪ್ಲಿಕೇಶನ್ ಇಲ್ಲ.

ಪ್ಯಾಕಿಂಗಿನ ಗಂಗಲಕ್ಷ್ಮಮ್ಮ ಒತ್ತಿದಳು. ಅದೇ ನೀಲಿ.

"ನಮ್ ಬೆರಳಲ್ಲಿ ಏನೈತೆ ಮೇಡಂ, ಬರೀ ಗುಲಾಬಿ ಮುಳ್ಳು."

ಕೊನೆಗೆ ಗೇಟು ಕಾಯುವ ವೆಂಕಟರಮಣಪ್ಪ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಹೆಬ್ಬೆರಳು ಒತ್ತಿದರು. ಲೇಬಲ್ ಅಪ್ಲಿಕೇಶನ್ ಟಪ್ಪನೆ ತೆರೆದುಕೊಂಡಿತು.

"ನೋಡಿದ್ರಾ? ಕೈಗುಣ," ಎಂದ ಕೆಂಪರಾಜು, ಆ ಕೈಯನ್ನು ತಾನೇ ತಯಾರಿಸಿದವನಂತೆ.

ದೇವನಹಳ್ಳಿಯ ಹೊರಗಿನ ಈ ಕೋಲ್ಡ್ ಸ್ಟೋರೇಜಿನಿಂದ ಗುಲಾಬಿ ಪೆಟ್ಟಿಗೆಗಳು ದಿನವೂ ವಿಮಾನ ಹತ್ತುತ್ತವೆ. ಲೇಬಲ್ ಇಲ್ಲದ ಪೆಟ್ಟಿಗೆ ಗೇಟು ದಾಟುವುದಿಲ್ಲ. ಮೇಜುಗಳ ಮೇಲಿರುವುದು ಬರೀ ಪರದೆ ಮತ್ತು ಅಂಗೈಯಗಲದ ಡಬ್ಬಿ. ನಿಜವಾದ ಕಂಪ್ಯೂಟರ್ ಬೆಂಗಳೂರಿನ ಸರ್ವರ್‌ನಲ್ಲಿದೆ. ಯಾರು ಬೆರಳಿಡುತ್ತಾರೋ ಅವರ ಡೆಸ್ಕ್‌ಟಾಪ್ ಅಲ್ಲಿಂದ ಬರುತ್ತದೆ, ಅವರ ಅಪ್ಲಿಕೇಶನ್‌ಗಳನ್ನು ಹೊತ್ತುಕೊಂಡು. ಎಲ್ಲರಿಗೂ ಬರಬೇಕಾದದ್ದು ವೆಂಕಟರಮಣಪ್ಪನವರೊಬ್ಬರಿಗೆ ಬರುತ್ತಿತ್ತು. ಹಾಗಾಗಿ ದಿನಾ ಬೆಳಿಗ್ಗೆ ಮೇಜಿನಿಂದ ಮೇಜಿಗೆ ಹೋಗಿ ಬೆರಳಿಡುವುದೂ ಅವರ ಪಾಲಿಗೇ ಬಂದಿತ್ತು.

"ಊರಲ್ಲಿ ಬೋರ್‌ವೆಲ್ ಕೊರೆಸೋಕೂ ಇವ್ರ ಕೈಲೇ ಕಾಯಿ ಒಡೆಸೋದು," ಎಂದ ಕೆಂಪರಾಜು. "ಅದಕ್ಕೇ ಈ ಮೆಷಿನ್ ಬಂದ ದಿನ ಮೊದಲ್ನೇ ಬೆರಳು ಇವ್ರದೇ ಇಡ್ಸಿದ್ವಿ. ಮಗಳ ಮದ್ವೆ ದಿನಾನೂ ಧಾರೆ ಮುಗಿಸ್ಕೊಂಡು ಓಡ್ಬಂದು ಒತ್ತಿ ಹೋದ್ರು. ಚಿಕುನ್‌ಗುನ್ಯಾ ಬಂದಾಗ ಹೂವಿನ ವ್ಯಾನಲ್ಲಿ ಮಲಗಿಸ್ಕೊಂಡು ಬಂದ್ವಿ. ಅಷ್ಟು ಮರ್ಯಾದೆ ಕೊಟ್ಟಿದೀವಿ. ಚೆನ್ನಾಗೇ ನಡೀತಿತ್ತು. ಯಾವನೋ ನಿಮ್ಮ ಆಫೀಸಿಗೆ ಫೋನ್ ಮಾಡಿ ಕಂಪ್ಲೇಂಟ್ ಕೊಟ್ಟವ್ನೆ. ಸಿಗ್ಲಿ ಅವ್ನು."

ಗಂಗಲಕ್ಷ್ಮಮ್ಮ ತಟ್ಟನೆ ತಲೆ ತಗ್ಗಿಸಿ ಗುಲಾಬಿ ಜೋಡಿಸತೊಡಗಿದಳು.

ಬಿಂದುಶ್ರೀ ಡಬ್ಬಿ ಬದಲಿಸಿದಳು. ಮೇಜು ಬದಲಿಸಿದಳು. ಎಲ್ಲಿ ಕೂರಿಸಿದರೂ ವೆಂಕಟರಮಣಪ್ಪನವರಿಗೆ ಅಪ್ಲಿಕೇಶನ್, ಉಳಿದವರಿಗೆ ನೀಲಿ.

"ಬೆರಳಿಗೆ ಏನಾದ್ರೂ ಹಚ್ಕೊಂಡು ಬರ್ತೀರಾ ತಾತ?"

"ಸುಣ್ಣ ಕಣವ್ವಾ. ಎಲೆಅಡಿಕೆಗೆ."

ಗಂಗಲಕ್ಷ್ಮಮ್ಮ ತಾತನ ಎಲೆಅಡಿಕೆ ಡಬ್ಬಿಯಿಂದ ಸುಣ್ಣ ತೆಗೆದು ಹಚ್ಚಿಕೊಂಡು ಒತ್ತಿದಳು. ಗಾಜು ಒರೆಸಲು ಹತ್ತು ನಿಮಿಷ ಬೇಕಾಯಿತು.

"ಇದು ಸರಿಹೋದ್ರೆ ತಾತನ ಕೆಲಸ?" ಎಂದು ಬಿಂದುಶ್ರೀ ಕೆಂಪರಾಜುವನ್ನು ಮೆಲ್ಲಗೆ ಕೇಳಿದಳು.

"ವಯಸ್ಸಾಯ್ತಲ್ಲ ಮೇಡಂ. ಗೇಟಿಗೆ ಏಜೆನ್ಸಿಯವ್ರು ರೆಡಿ ಅವ್ರೆ. ಇವ್ರನ್ನ ಇಟ್ಕೊಂಡಿರೋದೇ ಬೆರಳಿಗೋಸ್ಕರ. ಸರಿಹೋದ್ರೆ ಇವತ್ತೇ ಮನೆಗೆ ಕಳ್ಸಿ ಅಂದವ್ರೆ ಓನರ್ರು."

ಅವಳು ಲ್ಯಾಪ್‌ಟಾಪ್ ತೆರೆದು ಕೂತಳು. ವೆಂಕಟರಮಣಪ್ಪ ಬಾಗಿಲ ಬಳಿಯೇ ಸುಳಿದಾಡುತ್ತಿದ್ದರು. ಟೀ ತಂದರು. ಅದು ಮುಗಿಯುವ ಮೊದಲೇ ಇನ್ನೊಂದು ತಂದರು.

"ಸಿಕ್ತೇನವ್ವಾ?"

"ಇನ್ನೂ ಇಲ್ಲ ತಾತ."

ಅವರು ಉದ್ದಕ್ಕೆ ಉಸಿರುಬಿಟ್ಟರು. ಪಾಪ, ಸದ್ಯ ಬಚಾವಾದೆ ಅಂದುಕೊಂಡಿರಬೇಕು, ಎಂದುಕೊಂಡಳು ಬಿಂದುಶ್ರೀ.

ನೆಟ್‌ವರ್ಕ್ ಸರಿಯಿತ್ತು. ಸರ್ವರ್ ಸರಿಯಿತ್ತು. ಬಾಗಿಲಾಚೆ ವೆಂಕಟರಮಣಪ್ಪ ಹೆಂಡತಿಯೊಡನೆ ಫೋನಿನಲ್ಲಿ ಪಿಸುಗುಡುತ್ತಿದ್ದರು: "ಅಳಬ್ಯಾಡ ಕಣೇ. ಹುಡ್ಗಿ ಚುರುಕಾಗವ್ಳೆ. ಇವತ್ತು ಏನಾದ್ರೂ ಒಂದು ಆಗೇ ಆಗ್ತದೆ."

ಬಿಂದುಶ್ರೀ ಟೀ ಲೋಟವನ್ನು ಪಕ್ಕಕ್ಕೆ ಸರಿಸಿದಳು.

ಆಮೇಲೆ ಕಾರಣ ಸಿಕ್ಕಿತು. ನಾಚಿಕೆಯಾಗುವಷ್ಟು ಸಣ್ಣದು. ಲೇಬಲ್ ಅಪ್ಲಿಕೇಶನ್ ಯಾರಿಗೆ ಹೋಗಬೇಕು ಎಂಬಲ್ಲಿ ಇಡೀ ಸಿಬ್ಬಂದಿಯ ಗುಂಪಿನ ಬದಲು ಒಂದೇ ಹೆಸರಿತ್ತು: ವೆಂಕಟರಮಣಪ್ಪ. ಮೊದಲ ದಿನ ಅವರ ಬೆರಳಿನಿಂದ ಪರೀಕ್ಷಿಸಿ ನೋಡಿದ ಎಂಜಿನಿಯರ್, ಕೆಲಸ ಆಯಿತೆಂದು ಬಸ್ಸು ಹತ್ತಿದ್ದ. ಗುಂಪಿನ ಹೆಸರಿನ ಮುಂದೆ ಒಂದು ಗುರುತು ಹಾಕಿದರೆ ಮುಗಿಯಿತು.

ತಾತನ ಕೆಲಸವೂ.

ಅವಳು ಮೌಸ್‌ನಿಂದ ಕೈ ತೆಗೆದಳು. ಕೆಂಪರಾಜು ಲೋಡಿಂಗ್ ನೋಡಲು ಹೋಗುವವರೆಗೆ ಕಾದು, ವೆಂಕಟರಮಣಪ್ಪನವರನ್ನು ಒಳಕ್ಕೆ ಕರೆದಳು.

"ತಾತ, ಕಾರಣ ಸಿಕ್ತು. ಆದ್ರೆ ಸರಿ ಮಾಡಲ್ಲ. ಸಿಗಲಿಲ್ಲ ಅಂತ ಬರೆದು ಹೋಗ್ತೀನಿ. ಆಫೀಸಲ್ಲಿ ಬೈಸ್ಕೊಳ್ಳೋದು ನಂಗೆ ಅಭ್ಯಾಸ. ನಿಮ್ಮ ಕೆಲಸ ಎಲ್ಲೂ ಹೋಗಲ್ಲ, ಆರಾಮಾಗಿರಿ."

ವೆಂಕಟರಮಣಪ್ಪನವರ ಕಣ್ಣು ತುಂಬಿ ಬಂತು. ಬಾಗಿಲನ್ನು ಮೆಲ್ಲಗೆ ಮುಂದಕ್ಕೆಳೆದರು. ಎರಡೂ ಕೈ ಜೋಡಿಸಿದರು.

"ಬ್ಯಾಡ ಕಣವ್ವಾ, ನಿನ್ ದಮ್ಮಯ್ಯ! ಫೋನ್ ಮಾಡಿದ್ದೇ ನಾನು. ಕೆಲ್ಸ ಬಿಡ್ತೀನಿ ಅಂದಾಗೆಲ್ಲ, ಹೆಬ್ಬೆಟ್ಟು ಇಲ್ಲೇ ಬಿಟ್ಟು ಹೋಗಿ ಅಂತಾನೆ ಆ ಕೆಂಪರಾಜು."