ರಾಗಿ ಹುಲ್ಲಿನ ತಟ್ಟೆ

ಕುದಿಯುವ ಸಾಂಬಾರಿನ ಸೌಟು ಹಿಡಿದು ಅಮೂಲ್ಯಾ ತನ್ನ ಗೈಡ್ ಪ್ರೊಫೆಸರ್ ಆತ್ರೇಯರ ಮುಖ ನೋಡಿದಳು. ಅವಳು ಸಂಶೋಧಿಸಿದ ರಾಗಿ ಹುಲ್ಲಿನ ತಟ್ಟೆಯ ಪೇಟೆಂಟ್ ಅವರೊಬ್ಬರ ಹೆಸರಲ್ಲಿತ್ತು. "ಒತ್ತಿದ್ಮೇಲೆ ಒಂದು ದಿನ ಒಣಗ್ಬೇಕು ಸಾರ್" ಎಂದು ಅವಳು ಬಡಕೊಂಡರೂ ಕೇಳದೆ, ಪೇಟೆಂಟ್ ಕೊಳ್ಳಲು ಕೆಂಗೇರಿ ಲ್ಯಾಬಿಗೆ ಬಂದ ಕಂಪನಿಯವರ ಮುಂದೆ ಆಗತಾನೆ ಒತ್ತಿದ ತಟ್ಟೆಯನ್ನೇ ಇಟ್ಟಿದ್ದರು.

"ಬಿಸಿದೇ ಬಡಿಸ್ಲಾ ಸಾರ್?"

"ಬಡಿಸಮ್ಮಾ, ಭಯ ಯಾಕೆ? ನನ್ನ ತಟ್ಟೆ ಇದು."

ಅವಳು ಸೌಟು ಬಗ್ಗಿಸಿದಳು. ತಟ್ಟೆ ನೆನೆದ ರಟ್ಟಿನಂತೆ ಕುಸಿದು, ಸಾಂಬಾರೆಲ್ಲ ಮೇಜಿನಿಂದ ಕಂಪನಿ ಎಂಡಿಯ ಬಿಳಿ ಪ್ಯಾಂಟಿಗೆ ಹರಿಯಿತು.

"ಅಯ್ಯೋ, ಇದು ಅಮೂಲ್ಯಾ ಮಾಡಿದ್ದು ಸಾರ್! ನಂದಲ್ಲ!" ಆತ್ರೇಯರು ಕೂಗಿದರು.

ಈ ಮಾತು ಕೇಳಲು ಅವಳು ಮೂರು ವರ್ಷ ಕಾದಿದ್ದಳು. ಸೌಟನ್ನು ಮೆಲ್ಲಗೆ ಪಾತ್ರೆಗಿಳಿಸಿ, ಗೋಡೆಯ ಮೇಲೆ ಚೌಕಟ್ಟು ಹಾಕಿಸಿದ್ದ ಪೇಟೆಂಟ್ ಪತ್ರದ ಕಡೆ ಕೈ ತೋರಿಸಿದಳು.

"ಅಲ್ಲಿ ನನ್ನ ಹೆಸರೆಲ್ಲಿದೆ ಸಾರ್?"