ಹೂಬುಟ್ಟಿಯ ಚಿತ್ರ

ಚಿತ್ರ ತೆಗೆಯುವ ಕ್ಷಣದಲ್ಲಿ ತೆಗೆದವನ ಮನಸ್ಸಿನಲ್ಲಿದ್ದ ಮಾತು ಚಿತ್ರಕ್ಕೆ ಅಂಟಿಕೊಳ್ಳುತ್ತದೆ. ಬೆರಳಿಟ್ಟವರಿಗೆಲ್ಲ ಅದು ಕೇಳಿಸುತ್ತದೆ. ಆದ್ದರಿಂದ ವಿಷ್ಣುನಾಮವನ್ನು ಸ್ಮರಿಸದೆ ನಾನು ಕ್ಯಾಮೆರಾ ಒತ್ತುವವನಲ್ಲ. ನಿನ್ನೆ ಮಾತ್ರ ಅವಸರಪಟ್ಟೆ. ದಿನವೂ ಹೂ ತರುವ ಪುಟ್ಟನಿಂಗಮ್ಮ ಪೂಜೆಗೆ ತಂದಿಟ್ಟ ತಾವರೆಯ ಬುಟ್ಟಿಯ ಚಿತ್ರವನ್ನು ನನ್ನ ಬ್ಲಾಗಿಗೆ ಏರಿಸಿ, ‘ಸರ್ವಭೂತಗಳಲ್ಲಿಯೂ ಹರಿಯನ್ನು ಕಾಣಬೇಕು’ ಎಂದು ಅಡಿಯಲ್ಲಿ ಬರೆದೆ.

ಇಂದು ಬೆಳಗ್ಗೆ ಅವಳು ಬುಟ್ಟಿಯನ್ನು ಗೇಟಿನಾಚೆಯೇ ಇಳಿಸಿದಳು.

“ಪಟ ಮುಟ್ಟಿ ಕೇಳ್ದೆ ಐನೋರೆ. ‘ಇವಳ ನೆರಳು ಹೂವಿನ ಮೇಲೆ ಬಿತ್ತಲ್ಲ’ ಅಂತು. ಇಪ್ಪತ್ತು ವರ್ಷದಿಂದ ಬಿದ್ದೈತಲ್ಲ, ನಿಮ್ ದೇವ್ರೇನೂ ಬಾಡ್ಲಿಲ್ಲ!”

ನಾಚಿಕೆಯಿಂದ ಗೇಟು ತೆರೆದೆ. “ತಪ್ಪಾಯ್ತಮ್ಮ. ಅದನ್ನ ಅಳಿಸಿಬಿಡ್ತೀನಿ. ಒಳಗೆ ಬಾ, ಹೂವಿನ ಜೊತೆ ನಿನ್ನದೇ ಒಂದು ಚಿತ್ರ ಹಾಕೋಣ.”

ಅವಳು ಬಂದು ನಿಂತಳು. ತುಟಿಯ ಮೇಲೆ ಹರಿನಾಮವಿಟ್ಟುಕೊಂಡೇ ಒತ್ತಿದೆ. ನಾನು ತಡೆಯುವ ಮೊದಲೇ ಅವಳು ಆ ಹೊಸ ಚಿತ್ರದ ಮೇಲೆ ಬೆರಳಿಟ್ಟು, ಕಣ್ಣು ಮುಚ್ಚಿ ಕೇಳಿಸಿಕೊಂಡಳು.

“ಇದ್ರಲ್ಲಿ ನಾನೂ ಇಲ್ಲ, ನಿಮ್ ಹರೀನೂ ಇಲ್ಲ ಐನೋರೆ,” ಎಂದಳು. “ಬ್ಲಾಗ್ ಓದೋರು ಏನಂದ್ಕೊಂಡ್ರೋ ಅನ್ನೋ ದಿಗಿಲೊಂದೇ ಐತೆ.”