ಒಂದೂವರೆ ಸುತ್ತು

“ಈ ಸ್ಕ್ರೂ ಯಾರು ತಿರುವ್ಯಾರ?” ಕಲಬುರಗಿಯ ಮೋಮಿನಪುರದ ಮೆಕ್ಯಾನಿಕ್ ಮಹಮ್ಮದ ಮೋಟಾರ್‌ಸೈಕಲ್ಲಿನ ಕಾರ್ಬೊರೇಟರ್ ಮೇಲೆ ಬಾಗಿಕೊಂಡೇ ಕೇಳಿದ.

“ನಾನೇ. ನನ್ನ ಗಾಡಿ, ನನ್ನ ಸ್ಕ್ರೂ,” ಎಂದು ತುಕಾರಾಮ ಸಿಡುಕಿದ.

“ಅದಕ್ಕೇ ಕಾಕಾ, ಅದು ಕಮಲಾಪುರದಾಗ ಕೆಮ್ಮಿದ್ರ ನನಗ ಕಲಬುರಗಿಯಾಗ ಕೇಳಸ್ತದ!”

ಮಹಮ್ಮದ ಗಾಳಿಯ ಸ್ಕ್ರೂವನ್ನು ಪೂರ್ತಿ ಒಳಗೆ ಬಿಗಿದು, ಒಂದೂವರೆ ಸುತ್ತು ಹೊರಗೆ ಬಿಟ್ಟು, ಕಿವಿಗೊಟ್ಟು ಕೇಳುತ್ತ ಕೂದಲೆಳೆಯಷ್ಟು ಅತ್ತಿತ್ತ ಆಡಿಸಿದ. ಢಬ್ ಢಬ್ ಎಂದು ಊರನ್ನೇ ಎಬ್ಬಿಸುತ್ತಿದ್ದ ಗಾಡಿ ಹಾಲು ಕುಡಿದ ಕೂಸಿನಂತೆ ಸುಮ್ಮನಾಯಿತು. “ಇನ್ನ ಇದಕ್ಕ ಕೈ ಹಚ್ಚಿದ್ರ, ನೀವು ನಿಮ್ಮೂರ ಕೆಂಪು ಬಾಳೆಹಣ್ಣು ತಂದು ಕೊಟ್ರೂ ನಾ ಈ ಗಾಡಿ ಮುಟ್ಟಂಗಿಲ್ಲ.”

“ಹಚ್ಚಿದ್ರ ನನ್ನ ಹೆಸರು ತುಕಾರಾಮ ಅಲ್ಲ!”

ದಾರಿಯುದ್ದಕ್ಕೂ ಖುಷಿಯೋ ಖುಷಿ. ಆದರೆ ಮನೆ ಮುಂದೆ ಗಾಡಿ ನಿಲ್ಲಿಸಿದರೆ ಬಾಗಿಲು ಮುಚ್ಚಿತ್ತು. ದಿನಾ ಅವನು ಬೇವಿನ ಗಿಡದ ತಿರುವಿನಲ್ಲಿರುವಾಗಲೇ ಬಾಗಿಲು ತೆರೆದು, ಕಟ್ಟೆಯ ಮೇಲೆ ನೀರಿನ ಬಕೆಟ್ಟು ಬಂದು ಕೂತಿರುತ್ತಿತ್ತು. ಒದರಲೆಂದು ಬಾಯಿ ತೆರೆದ. ಅಷ್ಟರಲ್ಲಿ ಅವನ ಮಾತೇ ಒಳಗಿನಿಂದ ಕೇಳಿಸಿತು.

“ಉಪ್ಪಿನ ಡಬ್ಬಿ ಎಲ್ಲದ? ಹೈದರಾಬಾದಿಗಿ ಹೋಗ್ಯದೇನು?”

ಅವನದೇ ಗದರು, ಅವನದೇ ಕೆಮ್ಮು. ಗಂಟಲು ಮಾತ್ರ ಹೆಂಡತಿ ಶೇವಂತಾಳದು. ಸೊಸೆ ಸುಜಾತಾ ಬಿದ್ದು ಬಿದ್ದು ನಗುತ್ತಿದ್ದಳು. “ಸಾಕ್ರಿ ಅತ್ತಿ, ಮಾವಾರು ಬಂದಾರು!”

“ಬರ್ಲಿ ಬಿಡು. ಅವರ ಗಾಡಿ ಬಸ್‌ಸ್ಟ್ಯಾಂಡಿಗಿ ಬಂದ್ರೇ ನಮ್ಮ ತಾಟು ಗಡಗಡ ನಡುಗ್ತಾವ.”

ತುಕಾರಾಮನಿಗೆ ಪಿತ್ತ ನೆತ್ತಿಗೇರಿತು. ಬಾಗಿಲು ದೂಡಲು ಕೈ ಎತ್ತಿದ.

“ಖರೇ ಅಂದ್ರ ಡಬ್ಬಿ ಅವರ ಮುಂದೇ ಇರ್ತದ,” ಎಂದಳು ಶೇವಂತಾ. “ನಾ ಎಂದೂ ತೋರ್ಸಂಗಿಲ್ಲ. ತೋರ್ಸಿದ್ರ ಪಾಪ, ಒದರಲಾಕ ಅವರಿಗಿ ಏನು ಉಳೀತದ? ಉಂಡದ್ದು ಹ್ಯಾಂಗ ಕರಗಬೇಕು?”

ಎತ್ತಿದ ಕೈ ಹಾಗೇ ನಿಂತಿತು. ಮೀಸೆಯೊಳಗೆ ಏನೋ ಕದಲಿತು. ಇಷ್ಟು ವರ್ಷ ಈ ಮನೆಯಲ್ಲಿ ಉಂಡಿದ್ದ, ಮಲಗಿದ್ದ. ಈ ನಗು ಮಾತ್ರ ಅವನ ಕಿವಿಗೆ ಬಿದ್ದಿರಲಿಲ್ಲ. ಗಾಡಿ ಬರುವ ಮೊದಲೇ ಅದರ ಸದ್ದು ಬಂದು ನಗುವನ್ನು ಓಡಿಸಿಬಿಡುತ್ತಿತ್ತಲ್ಲ! ಇನ್ನಷ್ಟು ಹೊತ್ತು ಕೇಳುತ್ತ ನಿಂತ. ಆಮೇಲೆ ಕಳ್ಳನಂತೆ ಗಾಡಿಯನ್ನು ಬೇವಿನ ಗಿಡದ ತನಕ ದೂಡಿಕೊಂಡು ಹೋಗಿ, ಸೀಟಿನ ಕೆಳಗಿದ್ದ ಸ್ಕ್ರೂಡ್ರೈವರ್ ತೆಗೆದು, ಮಹಮ್ಮದ ಕೂಡಿಸಿದ ಸ್ಕ್ರೂವನ್ನು ಮನಸ್ಸಿಗೆ ಬಂದಷ್ಟು ತಿರುವಿದ.

ಕಿಕ್ ಹೊಡೆದ. ಢಬ್! ಓಣಿಯ ನಾಯಿಗಳೆಲ್ಲ ಬೊಗಳಿದವು.

ಈ ಸಲ ಬಾಗಿಲು ತೆರೆದಿತ್ತು, ಬಕೆಟ್ಟು ಕಟ್ಟೆಯ ಮೇಲಿತ್ತು. ಅತ್ತೆ ಸೊಸೆ ಇಬ್ಬರ ಮುಖವೂ ಗಂಭೀರ.

“ಕಲಬುರಗಿಗಿ ಒಯ್ದ್ರೂ ರಿಪೇರಿ ಆಗಲಿಲ್ಲೇನ್ರಿ?” ಎಂದಳು ಶೇವಂತಾ.

“ಹಳೇ ಗಾಡಿ. ಅದು ಹಿಂಗೇ.”

ಊಟಕ್ಕೆ ಕೂತ. ಬಿಸಿ ರೊಟ್ಟಿ ಬಂತು, ಪಲ್ಯ ಬಂತು. ಉಪ್ಪಿನ ಡಬ್ಬಿ ತಾಟಿನ ಪಕ್ಕದಲ್ಲೇ ಇತ್ತು. ತುಕಾರಾಮ ಅದನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿ, ಗಂಟಲು ಸರಿಮಾಡಿಕೊಂಡು ಗುಡುಗಿದ:

“ಉಪ್ಪಿನ ಡಬ್ಬಿ ಎಲ್ಲದ? ಹೈದರಾಬಾದಿಗಿ ಹೋಗ್ಯದೇನು?”

ಸುಜಾತಾ ಬಾಯಿಗೆ ಸೆರಗು ತುರುಕಿಕೊಂಡು ಹಿತ್ತಿಲಿಗೆ ಓಡಿದಳು.